ಕಾಯಿನನು ತಮ್ಮನಿಗೆ ಏನಂದ? ಆದಿಕಾಂಡ 4:8ರ ಒಂದು ಪ್ರಕರಣ ಅಧ್ಯಯನ

ಹೀಬ್ರೂ ಬೈಬಲಿನ ಮೊದಲ ಕೊಲೆ, ಆದಾಮನ ಮಗ ಕಾಯಿನ ತಮ್ಮ ಹೇಬೆಲನನ್ನು ಕೊಂದದ್ದು, 14 ಪದಗಳಲ್ಲಿ ಮುಗಿದುಹೋಗುತ್ತದೆ. ಆದಿಕಾಂಡ 4ನೇ ಅಧ್ಯಾಯ, 8ನೇ ವಚನ. ಮೂಲದ ಪದಕ್ರಮವನ್ನು ಆದಷ್ಟು ಉಳಿಸಿಕೊಂಡು ಕನ್ನಡಕ್ಕೆ ತಂದರೆ ಹೀಗಿರುತ್ತದೆ:

"ಅಂದನು ಕಾಯಿನನು ತನ್ನ ತಮ್ಮ ಹೇಬೆಲನಿಗೆ. ಅವರು ಹೊಲದಲ್ಲಿದ್ದಾಗ ಎದ್ದನು ಕಾಯಿನನು ತನ್ನ ತಮ್ಮ ಹೇಬೆಲನ ಮೇಲೆ, ಕೊಂದನು ಅವನನ್ನು."

ಅಂದನು, ಸರಿ. ಏನಂತ?

ಇಂದು ಅಚ್ಚಾಗುವ ಹೀಬ್ರೂ ಬೈಬಲುಗಳಲ್ಲಿ ಇದಕ್ಕೆ ಉತ್ತರವಿಲ್ಲ. ಆದರೆ ನಮ್ಮ ಕೈಗೆ ಬರುವ ಅನೇಕ ಅನುವಾದಗಳಲ್ಲಿ ಉತ್ತರವಿದೆ: "ಬಾ, ಹೊಲಕ್ಕೆ ಹೋಗೋಣ." ಈ ಮಾತು ಎಲ್ಲಿಂದ ಬಂತು, ಮೂಲದಲ್ಲಿ ಇತ್ತೋ ಇಲ್ಲವೋ, ಇದರ ಮೇಲೆ ಎಷ್ಟು ಭಾರ ಹೇರಬಹುದು ಎಂಬುದೇ ಈ ಪ್ರಕರಣ. ಆದಿಕಾಂಡದ ಮೊದಲ 11 ಅಧ್ಯಾಯಗಳಲ್ಲಿ ಇಂಥ ಖಾಲಿ ಜಾಗಗಳು ಬಹಳ. ಅವುಗಳಲ್ಲಿ ಇದನ್ನೇ ಆರಿಸಿಕೊಂಡದ್ದು ಇಲ್ಲಿ ಹಸ್ತಪ್ರತಿಗಳ ಸಾಕ್ಷ್ಯ ಇರುವುದರಿಂದ. ಉಳಿದ ಹೆಚ್ಚಿನ ಕಡೆ ಬರೀ ಊಹೆಗೆ ಊಹೆ ಕಾದಾಡುತ್ತದೆ.

ನಿಜವಾಗಿ ಖಾಲಿ ಇದೆಯೇ?

ಮೊದಲು ಇದನ್ನು ಕೇಳಿಕೊಳ್ಳಬೇಕು. ಓದುಗನಿಗೆ ಕುತೂಹಲ ಬಂದ ಕಡೆಯೆಲ್ಲ ಪಠ್ಯದಲ್ಲಿ ತೂತು ಇರುವುದಿಲ್ಲ. ಹೇಬೆಲನಿಗೆ ಎಷ್ಟು ವಯಸ್ಸಾಗಿತ್ತು ಎಂದು ಕಥೆ ಹೇಳುವುದಿಲ್ಲ, ಅದು ತೂತಲ್ಲ. 4:8ರ ವಿಷಯ ಬೇರೆ. ಇಲ್ಲಿ ವ್ಯಾಕರಣವೇ ಒಂದು ಮಾತನ್ನು ಬೇಡುತ್ತದೆ, ಅದು ಸಿಗುವುದಿಲ್ಲ.

ಹೀಬ್ರೂವಿನಲ್ಲಿ ಮಾತಿಗೆ ಎರಡು ಸಾಮಾನ್ಯ ಕ್ರಿಯಾಪದಗಳಿವೆ: ಅಮರ್ ಮತ್ತು ದಿಬ್ಬೇರ್. ಕನ್ನಡಿಗರಿಗೆ ಇವುಗಳ ವ್ಯತ್ಯಾಸವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ದಿಬ್ಬೇರ್ ನಮ್ಮ 'ಮಾತಾಡು'. "ಅವನು ತಮ್ಮನ ಜೊತೆ ಮಾತಾಡಿದ" ಎಂದರೆ ವಾಕ್ಯ ಮುಗಿಯಿತು, ಯಾರೂ ಕಾಯುವುದಿಲ್ಲ. ಅಮರ್ ನಮ್ಮ 'ಅನ್ನು'. "ಅವನು ತಮ್ಮನಿಗೆ ಅಂದ" ಎಂದು ನಿಲ್ಲಿಸಿದರೆ ಕೇಳುವವರು ಬಾಯಿ ನೋಡುತ್ತಾ ಕೂರುತ್ತಾರೆ. 4:8ರಲ್ಲಿರುವುದು 'ವಯ್ಯೋಮೆರ್', ಅಂದರೆ ಅಮರ್. ಅದರ ಬೆನ್ನಿಗೆ ಬರಬೇಕಾದ ಮಾತು ಬರದೆ ನೇರವಾಗಿ 'ವಯ್ಹೀ ಬಿಹ್ಯೋತಾಮ್ ಬಸ್ಸಾದೆ' (ಅವರು ಹೊಲದಲ್ಲಿದ್ದಾಗ) ಎಂದು ಕಥೆ ಮುಂದಕ್ಕೆ ಹಾರುತ್ತದೆ.

ಈ ನಿಯಮಕ್ಕೆ ಅಪವಾದಗಳಿವೆ, ಅವನ್ನು ಮರೆಮಾಚಿದರೆ ವಾದ ಕೆಡುತ್ತದೆ. ವಿಮೋಚನಕಾಂಡ 19:25ರಲ್ಲಿ ಮೋಶೆ ಬೆಟ್ಟದಿಂದ ಇಳಿದು ಜನರ ಬಳಿಗೆ ಬಂದು "ಅವರಿಗೆ ಅಂದನು". ಅಲ್ಲಿಗೆ ಅಧ್ಯಾಯ ಮುಗಿಯುತ್ತದೆ, ಮುಂದಿನ ವಚನದಲ್ಲಿ ಮಾತಾಡುವವನು ದೇವರು. ಯೋನನ ಪುಸ್ತಕದ 2ನೇ ಅಧ್ಯಾಯದ ಕೊನೆಯಲ್ಲಿ ಯೆಹೋವನು ಮೀನಿಗೆ "ಅಂದನು", ಅದು ಯೋನನನ್ನು ಕಾರಿತು. ಮೀನಿಗೆ ಏನಂದ ಎಂದು ಯಾರೂ ಕೇಳುವುದಿಲ್ಲ, ಅಪ್ಪಣೆ ಕೊಟ್ಟ ಎಂದು ಅರ್ಥವಾಗುತ್ತದೆ. 2 ಪೂರ್ವಕಾಲವೃತ್ತಾಂತ 32:24ರಲ್ಲಿ ಹಿಜ್ಕೀಯನಿಗೂ ದೇವರು ಹೀಗೆಯೇ ಬರಿದೇ "ಅಂದನು". ಮೋಶೆಯ ಉದಾಹರಣೆ ನಮ್ಮ ಪ್ರಕರಣಕ್ಕೆ ಹತ್ತಿರದ್ದು: ದೇವರು ಸ್ವಲ್ಪ ಹಿಂದೆ ಹೇಳಿದ್ದನ್ನೇ ಮೋಶೆ ಜನರಿಗೆ ದಾಟಿಸಿದ ಎಂದು ಅಲ್ಲಿ ಓದಬಹುದು. 4:6-7ರಲ್ಲಿ, ತನ್ನ ಕಾಣಿಕೆ ಒಪ್ಪಿಗೆಯಾಗದೆ ಸಿಟ್ಟಾದ ಕಾಯಿನನನ್ನು ಯೆಹೋವನು ಎಚ್ಚರಿಸಿದ್ದಾನೆ. ಕಾಯಿನ ಅದನ್ನೇ ತಮ್ಮನಿಗೆ ಹೇಳಿದನೇ? ಈ ಓದಿಗೆ ದೊಡ್ಡ ಬೆಂಬಲಿಗರಿದ್ದಾರೆ, ಮುಂದೆ ನೋಡೋಣ.

ಸಮಸ್ಯೆಯನ್ನು ಪದದ ಅರ್ಥ ಬದಲಿಸಿ ನೀಗಿಸಲು ಹೊರಟವರೂ ಉಂಟು. ಅಕ್ಕಾಡಿಯನ್ ಭಾಷೆಯಲ್ಲಿ 'ಅಮಾರು' ಎಂದರೆ ನೋಡು. ಹಾಗಾದರೆ ಕಾಯಿನ ತಮ್ಮನನ್ನು 'ಹೊಂಚಿ ನೋಡಿದ' ಎಂದಾಗಬಹುದಲ್ಲ ಎಂಬುದು ವಾದ. ಚತುರವಾಗಿದೆ. ಆದರೆ ಇದೇ ಅಧ್ಯಾಯದಲ್ಲಿ ಅಮರ್ ಮತ್ತೆ ಮತ್ತೆ ಬರುತ್ತದೆ, ಉಳಿದೆಲ್ಲ ಕಡೆ 'ಅಂದನು' ಎಂದೇ ಅರ್ಥ. ಒಂದು ವಚನದ ಕಷ್ಟಕ್ಕಾಗಿ ಪಕ್ಕದ ಭಾಷೆಯಿಂದ ಅರ್ಥ ಸಾಲ ತರುವುದು ಕೊನೆಯ ದಾರಿಯಾಗಬೇಕು, ಮೊದಲನೆಯದಲ್ಲ.

ಯಾರ ಪ್ರತಿಯಲ್ಲಿ ಏನಿದೆ

ಹಳಗನ್ನಡದ ಓಲೆಪ್ರತಿಗಳನ್ನು ಹೋಲಿಸಿ ಗ್ರಂಥಸಂಪಾದನೆ ಮಾಡುವವರಿಗೆ ಈ ಹಂತ ಪರಿಚಿತ: ಪಾಠಾಂತರಗಳನ್ನು ಎರಡು ಗುಂಪು ಮಾಡಿ ಇಡುವುದು.

ಮಾತು ಇಲ್ಲದ ಗುಂಪಿನಲ್ಲಿ ಮೊದಲಿಗೆ ಮಸೊರೆಟಿಕ್ ಪಠ್ಯ, ಅಂದರೆ ಯೆಹೂದಿ ಪಂಡಿತರು ಸ್ವರಚಿಹ್ನೆ ಸಹಿತ ಕಾಪಾಡಿಕೊಂಡು ಬಂದ ಹೀಬ್ರೂ ಪಠ್ಯ. ಇಂದಿನ ವಿದ್ವತ್ ಮುದ್ರಣಗಳಿಗೆ ಆಧಾರವಾದ ಲೆನಿನ್‌ಗ್ರಾಡ್ ಹಸ್ತಪ್ರತಿ 11ನೇ ಶತಮಾನದ ಮೊದಲ ದಶಕದ್ದು. ಅದಕ್ಕಿಂತ ಸುಮಾರು ಸಾವಿರ ವರ್ಷ ಹಳೆಯದಾದ, ಮೃತಸಮುದ್ರದ ದಡದ ಕುಮ್ರಾನಿನ 4ನೇ ಗುಹೆಯ ಸುರುಳಿಗಳ ಜೊತೆ ಲೆಕ್ಕಕ್ಕೆ ಬಂದ ಆದಿಕಾಂಡದ ತುಣುಕೊಂದಿದೆ (ಪಂಡಿತರು ಅದನ್ನು 4ಕ್ಯೂಜೆನ್-ಬಿ ಎನ್ನುತ್ತಾರೆ). ಅದೂ ಇದೇ ಗುಂಪಿಗೆ ಸೇರುತ್ತದೆ. ಅರಮೇಯಿಕ್ ಅನುವಾದಗಳಲ್ಲಿ ಮೂಲಕ್ಕೆ ಅಂಟಿಕೊಂಡು ನಡೆಯುವ ಒಂಕೆಲೋಸ್ ತಾರ್ಗುಮ್ ಕೂಡ ಏನನ್ನೂ ಸೇರಿಸುವುದಿಲ್ಲ.

ಮಾತು ಇರುವ ಗುಂಪು ನೋಡಲು ದೊಡ್ಡದು. ಸಮಾರ್ಯರ ಪಂಚಗ್ರಂಥದಲ್ಲಿ (ಯೆಹೂದಿಗಳಿಂದ ಬೇರೆಯಾದ ಸಮಾರ್ಯ ಪಂಗಡ ಕಾಪಾಡಿಕೊಂಡ, ಬೈಬಲಿನ ಮೊದಲ ಐದು ಪುಸ್ತಕಗಳ ಹೀಬ್ರೂ ಪ್ರತಿ) 'ನೇಲ್ಖಾ ಹಸ್ಸಾದೆ' (ಹೊಲಕ್ಕೆ ಹೋಗೋಣ) ಎಂಬ ಎರಡು ಪದಗಳಿವೆ. ಹೀಬ್ರೂ ಲಿಪಿಯಲ್ಲಿ ಎಂಟೇ ಅಕ್ಷರ. ಕ್ರಿ.ಪೂ. 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದಲ್ಲಿ ಆದ ಗ್ರೀಕ್ ಅನುವಾದ ಸೆಪ್ಟುಅಜಿಂಟ್‌ನಲ್ಲಿ 'ದಿಯೆಲ್ತೋಮೆನ್ ಎಯಿಸ್ ತೊ ಪೆದಿಯೊನ್', ಬಯಲಿಗೆ ಹೋಗೋಣ. ಸಿರಿಯಾಕ್ ಅನುವಾದ ಪೆಶಿತ್ತಾದಲ್ಲೂ ಬಯಲಿನ ಕರೆಯೇ. ಲ್ಯಾಟಿನ್ ಅನುವಾದ ವಲ್ಗೇಟ್‌ನಲ್ಲಿ 'ಎಗ್ರೆದಿಯಾಮುರ್ ಫೊರಾಸ್', ಹೊರಗೆ ಹೋಗೋಣ. ಪ್ಯಾಲೆಸ್ಟೈನ್ ಕಡೆಯ ತಾರ್ಗುಮ್‌ಗಳಲ್ಲಿ ಈ ಕರೆಯ ಜೊತೆಗೆ ಒಂದು ಪುಟದಷ್ಟು ಸಂಭಾಷಣೆಯೂ ಇದೆ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಎಣಿಕೆ. ಐದಕ್ಕೆ ಮೂರು, ಆದ್ದರಿಂದ ಮಾತು ಮೂಲದ್ದೇ ಎಂದುಬಿಡುವುದು. ಪ್ರತಿಗಳನ್ನು ಎಣಿಸಬಾರದು, ಅವುಗಳ ಸಂಬಂಧ ನೋಡಬೇಕು. ಲ್ಯಾಟಿನ್ ಅನುವಾದಕನ ಎದುರಿಗೆ ಗ್ರೀಕ್ ಇತ್ತು, ಹಳೆಯ ಲ್ಯಾಟಿನ್ ಅನುವಾದಗಳೂ ಗ್ರೀಕಿನಿಂದಲೇ ಬಂದವು. ಸಿರಿಯಾಕ್‌ಗೆ ಯೆಹೂದಿ ವ್ಯಾಖ್ಯಾನದ ಸೋಂಕು ಉಂಟು. ತಾರ್ಗುಮ್‌ಗಳು ಅನುವಾದಕ್ಕಿಂತ ಪ್ರವಚನಕ್ಕೆ ಹತ್ತಿರ. ಗಟ್ಟಿ ಸಾಕ್ಷಿಗಳೆಂದರೆ ಎರಡೇ: ಸಮಾರ್ಯರದು ಮತ್ತು ಗ್ರೀಕಿನದು. ಆ ಎರಡೂ ಬಹಳ ಕಡೆ ಒಟ್ಟಾಗಿ ಮಸೊರೆಟಿಕ್ ಪಠ್ಯದಿಂದ ಬೇರೆಯಾಗುತ್ತವೆ. ಸಮಾರ್ಯರ ಪಠ್ಯಕ್ಕೆ ಒಂದು ಅಭ್ಯಾಸವೂ ಇದೆ: ಕಥೆ ಒರಟಾದ ಕಡೆ ನಯಗೊಳಿಸುವುದು, ಒಂದು ಕಡೆ ಇರುವುದನ್ನು ಇನ್ನೊಂದು ಕಡೆ ತಂದು ಸರಿಹೊಂದಿಸುವುದು. ಹಾಗಾಗಿ ಈ ಮಾತು ತುಂಬ ಹಳೆಯದು, ಕ್ರಿ.ಪೂ. 3ನೇ ಶತಮಾನಕ್ಕೇ ಕೆಲವು ಹೀಬ್ರೂ ಪ್ರತಿಗಳಲ್ಲಿ ಇದ್ದಿರಬೇಕು ಎನ್ನಬಹುದು. ಹಳೆಯದು ಎಂದ ಮಾತ್ರಕ್ಕೆ ಮೂಲದ್ದು ಎಂದಾಗುವುದಿಲ್ಲ.

ಸಾಕ್ಷಿಗಳಲ್ಲಿ ವಲ್ಗೇಟ್‌ನ ಅನುವಾದಕ ಜೆರೋಮ್‌ನದು ವಿಚಿತ್ರ ಕಥೆ. 4ನೇ ಶತಮಾನದ ಕೊನೆಯ ದಶಕದಲ್ಲಿ ಆದಿಕಾಂಡದ ಹೀಬ್ರೂ ಪ್ರಶ್ನೆಗಳ ಕುರಿತು ಬರೆಯುತ್ತಾ ಆತ ಇದೇ ವಚನವನ್ನು ಎತ್ತಿಕೊಳ್ಳುತ್ತಾನೆ. ಕಾಯಿನ ಹೇಳಿದ್ದು ಯೆಹೋವನು ತನಗೆ ಹೇಳಿದ್ದನ್ನೇ ಎಂದು ತಿಳಿಯಬೇಕು, ಸಮಾರ್ಯರ ಪ್ರತಿಯಲ್ಲೂ ನಮ್ಮ ಪ್ರತಿಯಲ್ಲೂ ಇರುವ 'ಬಯಲಿಗೆ ಹೋಗೋಣ' ಅನಗತ್ಯ ಎನ್ನುತ್ತಾನೆ. ಆಮೇಲೆ ತಾನೇ ಹೀಬ್ರೂವಿನಿಂದ ಲ್ಯಾಟಿನ್‌ಗೆ ಅನುವಾದಿಸಲು ಕುಳಿತಾಗ 'ಹೊರಗೆ ಹೋಗೋಣ' ಎಂದು ಬರೆದುಬಿಟ್ಟ! ವಿದ್ವಾಂಸನಾಗಿ ಬೇಡ ಅಂದದ್ದನ್ನು ಅನುವಾದಕನಾಗಿ ಬಿಡಲಾಗಲಿಲ್ಲ. ಅರ್ಧಕ್ಕೆ ನಿಂತ ವಾಕ್ಯವನ್ನು ಚರ್ಚಿನಲ್ಲಿ ಗಟ್ಟಿಯಾಗಿ ಓದಿಸುವುದು ಅಷ್ಟು ಕಷ್ಟ.

ಇನ್ನೊಂದು ಸಣ್ಣ ಗುರುತಿದೆ. ಕೆಲವು ಹೀಬ್ರೂ ಹಸ್ತಪ್ರತಿಗಳಲ್ಲಿ ಮತ್ತು ಮುದ್ರಣಗಳಲ್ಲಿ 'ಆಹೀವ್' (ತನ್ನ ತಮ್ಮನಿಗೆ) ಎಂಬ ಪದದ ನಂತರ, ವಚನದ ನಡುವೆಯೇ, ಬೇಕೆಂದೇ ಬಿಟ್ಟ ಖಾಲಿ ಜಾಗವಿದೆ. ಇಂಥ ಜಾಗಕ್ಕೆ 'ಪಿಸ್ಕಾ' ಎನ್ನುತ್ತಾರೆ. ಆದಿಕಾಂಡ 35:22ರಲ್ಲೂ ಇಂಥದೇ ಒಂದಿದೆ. ಪ್ರತಿ ತೆಗೆದವರಿಗೂ ಇಲ್ಲಿ ಏನೋ ಇದೆ, ಅಥವಾ ಏನೋ ಇಲ್ಲ ಎಂಬುದು ಗಮನಕ್ಕೆ ಬಂದಿತ್ತು. ತಾವಾಗಿ ಒಂದಕ್ಷರ ಸೇರಿಸಲಿಲ್ಲ.

ಲಿಪಿಕಾರನ ಕಣ್ಣು ಜಾರಿತೇ?

ಮಾತು ಮೂಲದಲ್ಲಿ ಇತ್ತು ಎನ್ನುವವರು ಅದು ಹೇಗೆ ಬಿದ್ದುಹೋಯಿತು ಎಂದು ತೋರಿಸಬೇಕು. ಸಾಮಾನ್ಯವಾಗಿ ಕೇಳಿಬರುವ ಉತ್ತರ: 'ಸಾದೆ' (ಹೊಲ) ಎಂಬ ಪದ ಹತ್ತಿರ ಹತ್ತಿರ ಎರಡು ಸಲ ಬರುವುದರಿಂದ ಲಿಪಿಕಾರನ ಕಣ್ಣು ಒಂದರಿಂದ ಇನ್ನೊಂದಕ್ಕೆ ಜಾರಿತು. ಕೇಳಲು ಸರಿಯಾಗಿಯೇ ಇದೆ. ಕಾಗದದ ಮೇಲೆ ಇಟ್ಟು ನೋಡಿದರೆ ನಿಲ್ಲುವುದಿಲ್ಲ.

ಮೂಲ ಹೀಗಿತ್ತು ಎಂದುಕೊಳ್ಳಿ: ಆಹೀವ್ | ನೇಲ್ಖಾ | ಹಸ್ಸಾದೆ | ವಯ್ಹೀ | ಬಿಹ್ಯೋತಾಮ್ | ಬಸ್ಸಾದೆ | ವಯ್ಯಾಕೊಮ್.

ಲಿಪಿಕಾರ 'ಹಸ್ಸಾದೆ'ಯವರೆಗೆ ಬರೆದ. ಲೇಖನಿ ಅದ್ದಿ ಮತ್ತೆ ಮೂಲಪ್ರತಿಯ ಕಡೆ ನೋಡಿದ. ಕಣ್ಣು ಎರಡನೇ 'ಸಾದೆ'ಯ ಮೇಲೆ ಬಿತ್ತು. ಅಲ್ಲಿಂದ ಮುಂದುವರಿಸಿದ. ಈಗ ಅವನ ಪ್ರತಿಯಲ್ಲಿ ಏನಿರುತ್ತದೆ? 'ಆಹೀವ್ ನೇಲ್ಖಾ ಹಸ್ಸಾದೆ ವಯ್ಯಾಕೊಮ್', ಅಂದರೆ "ತಮ್ಮನಿಗೆ, ಹೊಲಕ್ಕೆ ಹೋಗೋಣ ಅಂದನು, ಎದ್ದನು". ಕರೆ ಉಳಿದಿದೆ, ಬಿದ್ದುಹೋದದ್ದು 'ಅವರು ಹೊಲದಲ್ಲಿದ್ದಾಗ' ಎಂಬ ಭಾಗ. ನಮ್ಮ ಕೈಯಲ್ಲಿರುವ ಪಠ್ಯದಲ್ಲಿ ಆಗಿರುವುದು ಇದಕ್ಕೆ ಸರಿಯಾಗಿ ತಿರುವುಮುರುವು. ಕಣ್ಣು ಜಾರುವ ತಪ್ಪಿಗೆ ಒಂದು ಲೆಕ್ಕವಿದೆ: ಮೊದಲ ಸಮಾನಪದದಿಂದ ಎರಡನೇ ಸಮಾನಪದದವರೆಗಿನದು ಹೋಗುತ್ತದೆ, ಅದರ ಹಿಂದಿನದು ಹೋಗುವುದಿಲ್ಲ.

ಬೇರೆ ದಾರಿ ಒಂದಿದೆ. 'ಆಹೀವ್' ಕೊನೆಗೊಳ್ಳುವುದು ಯೋದ್-ವಾವ್ ಅಕ್ಷರಗಳಿಂದ. 'ವಯ್ಹೀ' ಶುರುವಾಗುವುದು ವಾವ್-ಯೋದ್‌ನಿಂದ. ಕ್ರಿಸ್ತಶಕದ ಆರಂಭದ ಹೊತ್ತಿನ ಹೀಬ್ರೂ ಲಿಪಿಯಲ್ಲಿ ಈ ಎರಡು ಅಕ್ಷರಗಳನ್ನು ಬೇರೆಮಾಡಿ ಹೇಳುವುದೇ ಕಷ್ಟ, ಎರಡೂ ಒಂದೊಂದು ಸಣ್ಣ ಗೀಟು. ಎರಡು ಗೀಟುಗಳ ಹತ್ತಿರ ಬಿಟ್ಟ ಕಣ್ಣು ಇನ್ನೆರಡು ಗೀಟುಗಳ ಹತ್ತಿರ ಇಳಿದಿರಬಹುದು. ಅಸಾಧ್ಯವಲ್ಲ, ಆದರೆ ಎಳೆ ತೆಳುವಾಗಿದೆ. ಯಾವ ಕಾರಣವೂ ಇಲ್ಲದೆ ಲಿಪಿಕಾರರು ಒಂದೆರಡು ಪದ ಬಿಡುವುದೂ ಉಂಟು. 1 ಸಮುವೇಲ 13:1ರಲ್ಲಿ ಸೌಲನು ಅರಸನಾದಾಗ ಎಷ್ಟು ವರ್ಷದವನು ಎಂಬ ಸಂಖ್ಯೆಯೇ ಹೀಬ್ರೂವಿನಲ್ಲಿಲ್ಲ. ಅಲ್ಲಿ ಲೋಪ ಖಚಿತ, ಯಾಕೆಂದರೆ ಸಂಖ್ಯೆ ಇಲ್ಲದೆ ಆ ವಾಕ್ಯಕ್ಕೆ ಅರ್ಥವೇ ಇಲ್ಲ.

ಈಗ ಎದುರು ಪಕ್ಷ. ಮಾತು ಮೂಲದಲ್ಲಿರಲಿಲ್ಲ, ಆಮೇಲೆ ಸೇರಿತು ಎಂದರೆ ಅದಕ್ಕೆ ವಿವರಣೆ ಹುಡುಕುವ ಶ್ರಮವೇ ಇಲ್ಲ. 'ಅಂದನು' ಎಂದು ಬಾಯಿ ತೆರೆದು ನಿಂತ ವಾಕ್ಯ, ಪಕ್ಕದಲ್ಲೇ 'ಹೊಲದಲ್ಲಿದ್ದಾಗ'. ಬೇಕಾದ ಮಾತು ತಾನಾಗಿ ಕೈಗೆ ಸಿಗುತ್ತದೆ. 'ಹೊಲಕ್ಕೆ ಹೋಗೋಣ' ಎಂಬ ಮಾತಿನಲ್ಲಿ ಮುಂದಿನ ವಾಕ್ಯದಿಂದ ನಮಗೆ ಗೊತ್ತಾಗದ ಒಂದೇ ಒಂದು ಸಂಗತಿಯೂ ಇಲ್ಲ. ಹೀಬ್ರೂ ಬಲ್ಲವರು ಯಾರಾದರೂ, ಬೇರೆ ಬೇರೆ ಊರಿನಲ್ಲಿ, ಒಬ್ಬರನ್ನೊಬ್ಬರು ಕೇಳದೆಯೇ ಇದನ್ನು ಕಟ್ಟಬಲ್ಲರು. ಮಾದರಿ ಬೇಕಾದರೂ ದೂರ ಹೋಗಬೇಕಾಗಿಲ್ಲ: 1 ಸಮುವೇಲ 20:11ರಲ್ಲಿ ಯೋನಾತಾನನು ದಾವೀದನಿಗೆ ಹೇಳುವುದು ಇದೇ, "ಬಾ, ಹೊಲಕ್ಕೆ ಹೋಗೋಣ".

ಇಷ್ಟು ಅಚ್ಚುಕಟ್ಟಾಗಿ ಕೂರುವ ತುಂಡನ್ನೇ ಹೆಚ್ಚು ಅನುಮಾನದಿಂದ ನೋಡಬೇಕು ಎಂಬುದು ನಮ್ಮ ಅಭಿಪ್ರಾಯ. ಜಾಗಕ್ಕೆ ಚೆನ್ನಾಗಿ ಹೊಂದುತ್ತದೆ ಎಂಬುದು ಅದು ಅಲ್ಲೇ ಹುಟ್ಟಿತು ಎಂಬುದಕ್ಕೂ ಸಾಕ್ಷಿ, ಅಲ್ಲಿಗಾಗಿಯೇ ಯಾರೋ ಅಳತೆ ತೆಗೆದು ಕೊರೆದರು ಎಂಬುದಕ್ಕೂ ಸಾಕ್ಷಿ. ಆಧುನಿಕ ವ್ಯಾಖ್ಯಾನಕಾರರಲ್ಲಿ ಮಾತನ್ನು ಪಠ್ಯಕ್ಕೆ ಮರಳಿ ಸೇರಿಸುವವರು ಬಹಳ ಮಂದಿ ಇದ್ದಾರೆ, ಅವರದು ಹಗುರ ವಾದವೇನಲ್ಲ. ಆದರೂ ತಕ್ಕಡಿ ಅಲ್ಲಾಡುತ್ತಿರುವಾಗ ಮುಳ್ಳನ್ನು ಬೆರಳಿಂದ ಹಿಡಿದು ನಿಲ್ಲಿಸುವುದು ಸರಿಯಲ್ಲ.

ಎಂಟು ಅಕ್ಷರಕ್ಕೆ ಇಷ್ಟು ಜಗಳವೇಕೆ

ಆರೋಪಪಟ್ಟಿ ಬದಲಾಗುತ್ತದೆ, ಅದಕ್ಕೆ. 'ಹೊಲಕ್ಕೆ ಹೋಗೋಣ' ಎಂಬ ಮಾತು ಇದ್ದರೆ ಕಾಯಿನ ತಮ್ಮನನ್ನು ಉಪಾಯದಿಂದ ಕರೆದೊಯ್ದ. ಇಲ್ಲದಿದ್ದರೆ ಮಾತಿಗೆ ಮಾತು ಬೆಳೆದು ಕೈ ಮೀರಿದ ಜಗಳವೂ ಆಗಿರಬಹುದು. ಈ ಭೇದ ಬೈಬಲಿನ ಕಾನೂನಿಗೂ ಗೊತ್ತು. ವಿಮೋಚನಕಾಂಡ 21:14ರಲ್ಲಿ ಕುಯುಕ್ತಿಯಿಂದ ಕೊಂದವನನ್ನು ಬಲಿಪೀಠದ ಬಳಿಯಿಂದಲೂ ಎಳೆದು ತಂದು ಕೊಲ್ಲಬೇಕು. ಅರಣ್ಯಕಾಂಡ 35:20-22 ಹೊಂಚುಹಾಕಿ ಮಾಡಿದ ಕೊಲೆಯನ್ನು ಹಗೆಯಿಲ್ಲದೆ ಥಟ್ಟನೆ ನಡೆದುಹೋದದ್ದರಿಂದ ಬೇರೆ ಮಾಡುತ್ತದೆ. ಆ ಎಂಟು ಅಕ್ಷರಗಳನ್ನು ನಂಬಿ ಪೂರ್ವಯೋಜಿತ ಕೊಲೆ ಎಂದು ಪ್ರವಚನ ಕಟ್ಟಿದರೆ, ತಳಪಾಯ ಒಬ್ಬ ಲಿಪಿಕಾರನ ಜಾಣತನದ ಮೇಲೆ ನಿಂತಿರಬಹುದು.

ಹಾಗಂತ ಕಾಯಿನ ಬಿಡುಗಡೆಯಾಗುವುದಿಲ್ಲ. 5ನೇ ವಚನದಲ್ಲಿ ಅವನಿಗೆ ಕೋಪ ಬಂದು ಮುಖ ಬಾಡಿತು. 7ರಲ್ಲಿ ಪಾಪ ಬಾಗಿಲಲ್ಲಿ ಹೊಂಚಿ ಮಲಗಿದೆ ಎಂಬ ಎಚ್ಚರಿಕೆ ಸಿಕ್ಕಿತು. ಯೋಚಿಸಲು ಸಮಯವಿತ್ತು. ಜೊತೆಗೆ ಜಾಗವೇ ಒಂದು ಸಾಕ್ಷಿ. ಹೀಬ್ರೂವಿನ 'ಸಾದೆ' ನಮ್ಮ ಉತ್ತ ಹೊಲ ಮಾತ್ರವಲ್ಲ, ಊರಾಚೆಯ ಬಯಲು, ಅಡವಿಯೂ ಹೌದು. ಆದಿಕಾಂಡ 3:1ರ ಕಾಡುಮೃಗಗಳು 'ಸಾದೆಯ' ಮೃಗಗಳು, ಬೇಟೆಗಾರ ಏಸಾವ 'ಸಾದೆಯ' ಮನುಷ್ಯ (25:27). ಕೂಗಿದರೆ ಕೇಳುವವರಿಲ್ಲದ ಜಾಗ. ಧರ್ಮೋಪದೇಶಕಾಂಡ 22:25-27 ಸಾದೆಯಲ್ಲಿ ಬಲಾತ್ಕಾರಕ್ಕೆ ಒಳಗಾದ ಹುಡುಗಿಯನ್ನು ನಿರ್ದೋಷಿ ಎನ್ನುವುದು ಇದೇ ಕಾರಣಕ್ಕೆ: ಅವಳು ಕೂಗಿಕೊಂಡರೂ ಬಿಡಿಸುವವರಿರಲಿಲ್ಲ. ಒಬ್ಬನು ನೆರೆಯವನ ಮೇಲೆ 'ಎದ್ದು' ಕೊಲ್ಲುವುದಕ್ಕೆ ಅದನ್ನು ಹೋಲಿಸುತ್ತದೆ. 4:8ರ ಕಾಯಿನ ಮಾಡಿದ್ದೂ ಅದೇ ಕ್ರಿಯಾಪದ, 'ಎದ್ದನು'. 2 ಸಮುವೇಲ 14:6ರಲ್ಲಿ ತೆಕೋವದ ಹೆಂಗಸು ಹೇಳುವ ಕಥೆಯಲ್ಲಿ ಇಬ್ಬರು ಗಂಡುಮಕ್ಕಳು ಸಾದೆಯಲ್ಲಿ ಜಗಳಾಡುತ್ತಾರೆ, ಬಿಡಿಸುವವರಿಲ್ಲದೆ ಒಬ್ಬ ಸಾಯುತ್ತಾನೆ. ಧರ್ಮೋಪದೇಶಕಾಂಡ 21ರಲ್ಲಿ ಕೊಂದವನು ಗೊತ್ತಿಲ್ಲದ ಹೆಣ ಸಿಗುವುದೂ ಸಾದೆಯಲ್ಲೇ, ಆಗ ಹಿರಿಯರು ಬಂದು ಯಾವ ಊರು ಹತ್ತಿರ ಎಂದು ದೂರ ಅಳೆಯಬೇಕು. ಇಷ್ಟನ್ನೂ 'ಅವರು ಹೊಲದಲ್ಲಿದ್ದಾಗ' ಎಂಬ ಪದಗಳೇ ಹೇಳುತ್ತಿವೆ, ಇವುಗಳ ಬಗ್ಗೆ ಯಾವ ಪ್ರತಿಯಲ್ಲೂ ತಕರಾರಿಲ್ಲ. ಜಾಗವನ್ನು ಸರಿಯಾಗಿ ಓದಿದವರಿಗೆ ಕರೆಯ ಮಾತಿನ ಅಗತ್ಯ ಅರ್ಧ ಕಡಿಮೆಯಾಗುತ್ತದೆ.

ತುಂಬಿದವರು ಏನು ತುಂಬಿದರು

ಕರೆಯ ಮಾತಿಗೆ ತೃಪ್ತರಾಗದವರು ಆ ಜಾಗದಲ್ಲಿ ತಮ್ಮ ತಮ್ಮ ಕಾಲದ ಜಗಳವನ್ನೇ ಇಟ್ಟರು. ನಿಯೋಫಿತಿ ಮುಂತಾದ ಪ್ಯಾಲೆಸ್ಟೈನ್ ತಾರ್ಗುಮ್‌ಗಳಲ್ಲಿ ಅಣ್ಣ ತಮ್ಮಂದಿರು ಹೊಲಕ್ಕೆ ಹೋಗಿ ದೇವತಾಶಾಸ್ತ್ರ ಚರ್ಚಿಸುತ್ತಾರೆ. ಲೋಕ ಕರುಣೆಯಿಂದ ನಡೆಯುತ್ತಿಲ್ಲ, ತೀರ್ಪಿನಲ್ಲಿ ಮುಖ ನೋಡಿ ಮಣೆ ಹಾಕುವುದಿದೆ ಎನ್ನುತ್ತಾನೆ ಕಾಯಿನ. ಇಲ್ಲ, ನನ್ನ ಕೃತ್ಯ ನಿನ್ನದಕ್ಕಿಂತ ಒಳ್ಳೆಯದಾಗಿತ್ತು ಎನ್ನುತ್ತಾನೆ ಹೇಬೆಲ. ನ್ಯಾಯತೀರ್ಪಿಲ್ಲ, ನ್ಯಾಯಾಧಿಪತಿಯಿಲ್ಲ, ಪರಲೋಕವಿಲ್ಲ ಎಂದು ಕಾಯಿನನ ಕೊನೆಯ ಮಾತು. ಪುನರುತ್ಥಾನ ಒಪ್ಪದ ಯೆಹೂದಿ ಪಂಗಡವಾದ ಸದ್ದುಕಾಯರ ಜೊತೆಗಿನ ವಾದ ಇಲ್ಲಿ ಕೇಳಿಸುತ್ತದೆ ಎನ್ನುವ ವಿದ್ವಾಂಸರಿದ್ದಾರೆ.

ಸುಮಾರು 5ನೇ ಶತಮಾನದಲ್ಲಿ ಪ್ಯಾಲೆಸ್ಟೈನಿನಲ್ಲಿ ಸಂಕಲನಗೊಂಡ, ರಬ್ಬಿಗಳ (ಯೆಹೂದಿ ಧರ್ಮಗುರುಗಳ) ಆದಿಕಾಂಡ ವ್ಯಾಖ್ಯಾನವಾದ ಬೆರೆಷೀತ್ ರಬ್ಬಾದಲ್ಲಿ ಬೇರೆಯದೇ ರುಚಿ. ಒಂದು ಅಭಿಪ್ರಾಯದಲ್ಲಿ ಅಣ್ಣ ತಮ್ಮ ಲೋಕವನ್ನೇ ಪಾಲು ಮಾಡಿಕೊಂಡರು. ಒಬ್ಬನಿಗೆ ಭೂಮಿ, ಇನ್ನೊಬ್ಬನಿಗೆ ಚರಸೊತ್ತು. ನೀನು ನಿಂತ ನೆಲ ನನ್ನದು, ಹಾರು ಎಂದ ಒಬ್ಬ. ನೀನು ಉಟ್ಟ ಬಟ್ಟೆ ನನ್ನದು, ಬಿಚ್ಚು ಎಂದ ಇನ್ನೊಬ್ಬ. ಆಸ್ತಿ ಪಾಲಿನ ಜಗಳ ನೋಡಿದ ಯಾರಿಗೂ ಇದಕ್ಕೆ ಟಿಪ್ಪಣಿ ಬೇಕಾಗಿಲ್ಲ. ಇನ್ನೊಂದು ಅಭಿಪ್ರಾಯದಲ್ಲಿ ಜಗಳ ದೇವಾಲಯ ಯಾರ ಪಾಲಿನ ನೆಲದಲ್ಲಿ ಏಳಬೇಕು ಎಂಬುದು. ಆಧಾರವಾಗಿ ಮೀಕ 3:12, 'ಚೀಯೋನು ಹೊಲದಂತೆ ಉಳಲ್ಪಡುವುದು', ಅಂದರೆ ಹೊಲವೆಂದರೆ ಚೀಯೋನು, ದೇವಾಲಯದ ಬೆಟ್ಟ! ಮೂರನೆಯದರಲ್ಲಿ ಹೆಣ್ಣಿಗಾಗಿ ಜಗಳ. ಆಸ್ತಿ, ಧರ್ಮ, ಹೆಣ್ಣು: ಮನುಷ್ಯರು ಕೊಲ್ಲುವ ಕಾರಣಗಳ ಪಟ್ಟಿ ಎಂದು ಓದಿದರೆ ಚೆನ್ನಾಗಿದೆ. ಮೂಲದಲ್ಲಿ ಬಿದ್ದುಹೋದ ಮಾತು ಎಂದು ಓದಿದರೆ ತಪ್ಪು. ರಬ್ಬಿಗಳೂ ಹಾಗೆ ಓದಿರಲಿಲ್ಲ, ಒಂದೇ ಜಾಗಕ್ಕೆ ಮೂರು ಉತ್ತರಗಳನ್ನು ಪಕ್ಕಪಕ್ಕ ಇಟ್ಟಿರುವುದೇ ಅದನ್ನು ಹೇಳುತ್ತದೆ.

ಮಧ್ಯಯುಗದ ಯೆಹೂದಿ ವ್ಯಾಖ್ಯಾನಕಾರರು ಹೆಚ್ಚು ಮಿತಭಾಷಿಗಳು. ರಾಶಿ (1040–1105) ಪ್ರಕಾರ ಕೊಲ್ಲಲು ನೆಪ ಹುಡುಕುತ್ತಾ ಕಾಯಿನ ಜಗಳದ ಮಾತು ತೆಗೆದ. ಇಬ್ನ್ ಎಜ್ರಾ ಪ್ರಕಾರ ದೇವರು ತನ್ನನ್ನು ಗದರಿಸಿದ್ದನ್ನು ತಮ್ಮನಿಗೆ ಹೇಳಿದ, ಜೆರೋಮ್ ಹೇಳಿದ್ದೂ ಇದನ್ನೇ. ಮೋಶೆಯ ಉದಾಹರಣೆ ಬಲ ಕೊಡುವುದು ಈ ಓದಿಗೆ. ಕುರ್‌ಆನಿನಲ್ಲಿ (5:27-31) ಆದಮರ ಈ ಇಬ್ಬರು ಮಕ್ಕಳಿಗೆ ಹೆಸರಿಲ್ಲ, ಆದರೆ ಮಾತಿದೆ. ನಿನ್ನನ್ನು ಕೊಂದೇ ತೀರುತ್ತೇನೆ ಎಂದು ಒಬ್ಬ ಹೇಳಿದರೆ, ನೀನು ಕೈ ಎತ್ತಿದರೂ ನಾನು ಎತ್ತುವುದಿಲ್ಲ ಎಂದು ಇನ್ನೊಬ್ಬ ಉತ್ತರಿಸುತ್ತಾನೆ. ಹೆಣವನ್ನು ಏನು ಮಾಡಿದ ಎಂಬ, ಆದಿಕಾಂಡ ಮುಟ್ಟದ ಪ್ರಶ್ನೆಗೂ ಅಲ್ಲಿ ಉತ್ತರವಿದೆ: ನೆಲ ಕೆದಕುವ ಕಾಗೆ.

ಇವುಗಳನ್ನೆಲ್ಲ ಪಕ್ಕಕ್ಕಿಟ್ಟು ಹೀಬ್ರೂ ಕಥೆಗೆ ಮರಳಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅಲ್ಲಿ ಹೇಬೆಲ ಬಾಯಿ ಬಿಡುವುದೇ ಇಲ್ಲ. ಅವನ ಹೆಸರು 'ಹೆವೆಲ್' ಎಂದರೆ ಉಸಿರು, ಆವಿ. ಬೈಬಲಿನ ಪ್ರಸಂಗಿ ಪುಸ್ತಕದ 'ವ್ಯರ್ಥ' ಎಂಬ ಮಾತಿನ ಹಿಂದೆಯೂ ಇದೇ ಪದ. ಸತ್ತ ಮೇಲೆ ಅವನ ರಕ್ತ ಕೂಗುತ್ತದೆ (4:10), ಅಷ್ಟೇ. ತುಂಬಲು ಬಂದವರಲ್ಲಿ ಹಲವರು ಮೊದಲು ಮಾಡಿದ್ದು ಅವನಿಗೆ ಮಾತು ಕೊಡುವುದು.

ಅದೇ ಅಧ್ಯಾಯದ ಉಳಿದ ಖಾಲಿಗಳು

ಇದೇ ಪರೀಕ್ಷೆಯನ್ನು ಅಕ್ಕಪಕ್ಕದಲ್ಲಿ ಹಚ್ಚಿದರೆ ಎಲ್ಲ ತೂತುಗಳೂ ಒಂದೇ ಜಾತಿಯವಲ್ಲ ಎಂದು ಗೊತ್ತಾಗುತ್ತದೆ.

ಕಾಯಿನನ ಕಾಣಿಕೆ ಯಾಕೆ ಬೇಡವಾಯಿತು (4:3-5)? ಪಾಠಾಂತರದ ಪ್ರಶ್ನೆಯಲ್ಲ, ಕಥೆಗಾರ ಕಾರಣ ಹೇಳಿಲ್ಲ. ಒಂದು ಸುಳಿವು ಮಾತ್ರ ಇದೆ: ಹೇಬೆಲ ತಂದದ್ದು ಚೊಚ್ಚಲು ಮರಿಗಳನ್ನು, ಅವುಗಳ ಕೊಬ್ಬನ್ನು. ಕಾಯಿನ ತಂದದ್ದು ಬರೀ 'ಭೂಮಿಯ ಫಲ', ಪ್ರಥಮಫಲ ಎಂದಿಲ್ಲ. ರಕ್ತವಿಲ್ಲದ್ದರಿಂದ ಬೇಡವಾಯಿತು ಎಂಬ ಜನಪ್ರಿಯ ವಿವರಣೆ ನಿಲ್ಲುವುದಿಲ್ಲ. ಇಬ್ಬರ ಕಾಣಿಕೆಗೂ ಇಲ್ಲಿ 'ಮಿನ್ಹಾ' ಎಂಬ ಒಂದೇ ಹೆಸರು, ಯಾಜಕಕಾಂಡ 2ರಲ್ಲಿ ಧಾನ್ಯದ ನೈವೇದ್ಯಕ್ಕೇ ಆ ಹೆಸರಿದೆ. ಗ್ರೀಕ್ ಅನುವಾದ 7ನೇ ವಚನವನ್ನು ತಿರುಗಿಸಿ, ಕಾಣಿಕೆಯನ್ನು ಸರಿಯಾಗಿ ಭಾಗ ಮಾಡಲಿಲ್ಲವೆಂಬ ವಿಧಿಯ ತಪ್ಪನ್ನು ತಂದಿತು. ಒಪ್ಪಿಗೆಯಾದದ್ದು ಗೊತ್ತಾದದ್ದು ಹೇಗೆ ಎಂಬುದಕ್ಕೆ ಥಿಯೊಡೋಷನ್‌ನ ಗ್ರೀಕ್ ಅನುವಾದ ಬೆಂಕಿಯನ್ನು ತಂದಿತು. ರಾಶಿಯೂ ಬೆಂಕಿಯನ್ನೇ ಹೇಳುತ್ತಾನೆ.

ಕಾಯಿನನ ಹೆಂಡತಿ (4:17) ಮತ್ತು ಅವನು ಹೆದರಿದ ಜನ (4:14) ಮೂರನೇ ಜಾತಿ. ಇಲ್ಲಿ ಏನೂ ಬಿದ್ದುಹೋಗಿಲ್ಲ, ಕಥೆಗಾರನೂ ಮುಚ್ಚಿಟ್ಟಿಲ್ಲ. ಜನವಸತಿ ಇರುವ ಲೋಕವನ್ನು ನಂಬಿದ ಕಥೆಯೊಂದು ಮೊದಲ ಮನುಷ್ಯರ ಕಥೆಯ ಬೆನ್ನಿಗೆ ಹೊಲಿದುಕೊಂಡಾಗ ಕಾಣುವ ಹೊಲಿಗೆ ಇದು ಎಂದು ನೋಡುವುದು ಉತ್ತಮ. ಆದಾಮನಿಗೆ ಗಂಡು ಹೆಣ್ಣು ಮಕ್ಕಳು ಹುಟ್ಟಿದರು ಎಂಬ 5:4ನ್ನು ತಂದು ತೇಪೆ ಹಾಕುವುದುಂಟು. ಆದರೆ 5ನೇ ಅಧ್ಯಾಯ ತನ್ನದೇ ಶೀರ್ಷಿಕೆಯಿರುವ ಬೇರೆ ವಂಶಾವಳಿ. ಆದಿಕಾಂಡದ ಕಥೆಯನ್ನು ಮತ್ತೆ ಹೇಳುವ ಕ್ರಿ.ಪೂ. 2ನೇ ಶತಮಾನದ ಯೆಹೂದಿ ಕೃತಿ ಜುಬಿಲಿಗಳ ಗ್ರಂಥ ಹೆಂಡತಿಗೆ ಆವಾನ್ ಎಂಬ ಹೆಸರನ್ನೇ ಕೊಟ್ಟು, ತಂಗಿ ಎಂದಿತು.

ಕಾಯಿನನಿಗೆ ಇಟ್ಟ ಗುರುತು (4:15) ಹೇಗಿತ್ತೆಂದು ಯಾರಿಗೂ ಗೊತ್ತಿಲ್ಲ. ರಬ್ಬಿಗಳಲ್ಲಿ ಒಬ್ಬ ಕುಷ್ಠ ಎಂದ, ಒಬ್ಬ ಕೊಂಬು ಎಂದ, ಇನ್ನೊಬ್ಬ ಕಾವಲಿಗೆ ನಾಯಿ ಕೊಟ್ಟ ಎಂದ. ನಾಯಿಯೇ ವಾಸಿ.

ಕನ್ನಡದಲ್ಲಿ ಅಚ್ಚು ಹಾಕುವಾಗ

ನಿಮ್ಮ ಕೈಯಲ್ಲಿರುವ ಅನುವಾದವನ್ನು ತೆರೆದು 4:8 ನೋಡಿ. ಮೂರರಲ್ಲಿ ಒಂದು ಇರುತ್ತದೆ: ಕರೆಯ ಮಾತು, ಅಥವಾ 'ಮಾತನಾಡಿದನು', ಅಥವಾ ಚುಕ್ಕಿಗಳು. ಕರೆ ಇದ್ದರೆ ಅನುವಾದಕರು ಸಮಾರ್ಯ-ಗ್ರೀಕ್ ಪಾಠ ಹಿಡಿದಿದ್ದಾರೆ. 'ಮಾತನಾಡಿದನು' ಎಂದಿದ್ದರೆ ಅಮರ್ ಅನ್ನು ಸದ್ದಿಲ್ಲದೆ ದಿಬ್ಬೇರ್ ಮಾಡಿ ತೂತಿಗೆ ಗಾರೆ ಬಳಿದಿದ್ದಾರೆ. 1611ರ ಇಂಗ್ಲಿಷ್ ಅನುವಾದ ಮಾಡಿದ್ದೂ ಇದನ್ನೇ. ಮೂರರಲ್ಲಿ ಇದು ಹೆಚ್ಚು ಕೆಟ್ಟದ್ದು, ಓದುಗನಿಗೆ ಪ್ರಶ್ನೆ ಇತ್ತು ಎಂಬುದೇ ತಿಳಿಯುವುದಿಲ್ಲ.

ನಮ್ಮ ಸಲಹೆ ಚುಕ್ಕಿ ಮತ್ತು ಅಡಿಟಿಪ್ಪಣಿ:

"ಕಾಯಿನನು ತನ್ನ ತಮ್ಮನಾದ ಹೇಬೆಲನಿಗೆ ಹೇಳಿದನು... ಅವರು ಬಯಲಿನಲ್ಲಿದ್ದಾಗ ಕಾಯಿನನು ತನ್ನ ತಮ್ಮನಾದ ಹೇಬೆಲನ ಮೇಲೆ ಎದ್ದು ಅವನನ್ನು ಕೊಂದನು."

ಟಿಪ್ಪಣಿ: "ಹೇಳಿದ ಮಾತು ಹೀಬ್ರೂ ಪಠ್ಯದಲ್ಲಿಲ್ಲ. ಸಮಾರ್ಯ ಪಂಚಗ್ರಂಥ, ಗ್ರೀಕ್, ಸಿರಿಯಾಕ್: 'ಬಯಲಿಗೆ ಹೋಗೋಣ'. ಲ್ಯಾಟಿನ್: 'ಹೊರಗೆ ಹೋಗೋಣ'."

'ಕೆಲವು ಪ್ರತಿಗಳಲ್ಲಿ' ಎಂದು ತೇಲಿಸಿ ಬರೆಯಬಾರದು, ಯಾವ ಪ್ರತಿ ಎಂದು ಹೆಸರು ಹೇಳಬೇಕು. 'ಅನ್ನು' ಧಾತುವನ್ನು ಬರಿದೇ ನಿಲ್ಲಿಸಿದರೆ ಕನ್ನಡ ತೀರಾ ಮುರಿಯುವುದರಿಂದ 'ಹೇಳಿದನು' ಸಾಕು, ಅದರಲ್ಲೂ 'ಏನಂತ?' ಎಂಬ ಪ್ರಶ್ನೆ ಉಳಿಯುತ್ತದೆ. 'ತಮ್ಮ' ಎಂಬುದನ್ನು ಎರಡನೇ ಸಲ 'ಅವನ' ಎಂದು ಇಳಿಸಬಾರದು. ಹೀಬ್ರೂವಿನ 'ಆಹ್' ಅಣ್ಣನೋ ತಮ್ಮನೋ ಹೇಳುವುದಿಲ್ಲ, ಕನ್ನಡ ಹೇಳಲೇಬೇಕು, ಹುಟ್ಟಿದ ಕ್ರಮ ನೋಡಿ 'ತಮ್ಮ' ಸರಿ. ಆ ಪದ 2ರಿಂದ 11ನೇ ವಚನದೊಳಗೆ ಏಳು ಸಲ ಬರುತ್ತದೆ, ಏಳೂ ಉಳಿಯಬೇಕು. 'ಕಾಯಿನನು ತನ್ನ ತಮ್ಮನಾದ ಹೇಬೆಲನ' ಎಂಬ ಸಾಲು 8ರಲ್ಲಿ ಎರಡು ಸಲ ಬರುವುದೂ ಬೇಕೆಂದೇ: ಮೊದಲ ಸಲ ಅದರ ಹಿಂದೆ 'ಅಂದನು', ಎರಡನೇ ಸಲ 'ಎದ್ದನು'.

8ನೇ ವಚನದಲ್ಲಿ ಬಳಸಿದ ಕ್ರಿಯಾಪದವನ್ನೇ 9ರಲ್ಲೂ ಬಳಸಿ, ಯಾಕೆಂದರೆ ಹೀಬ್ರೂವಿನಲ್ಲಿ ಎರಡೂ ಕಡೆ 'ವಯ್ಯೋಮೆರ್'. ನಿನ್ನ ತಮ್ಮ ಹೇಬೆಲ ಎಲ್ಲಿ ಎಂದು ಯೆಹೋವನು ಕೇಳಿದ್ದಕ್ಕೆ ಕಾಯಿನ ಕೊಡುವ ಉತ್ತರ ಅಲ್ಲಿದೆ. ಎಂಟು ಅಕ್ಷರಗಳನ್ನು ಸೇರಿಸಿಕೊಂಡರೆ ಬೈಬಲಿನಲ್ಲಿ ಕಾಯಿನನ ಮೊದಲ ಮಾತು ತಮ್ಮನಿಗೆ ಕೊಟ್ಟ ಕರೆ. ಸೇರಿಸಿಕೊಳ್ಳದಿದ್ದರೆ ಅವನ ಬಾಯಿಂದ ಬರುವ ಮೊದಲ ಮಾತು 'ಲೋ ಯಾದಾತಿ', ನನಗೆ ಗೊತ್ತಿಲ್ಲ.